ಬೇರೆ ಮತದವರನ್ನು ಅವರ ಪಾಡಿಗೆ ಬಿಡಿ ಅಂತ ಮೊದಲು ಕಾನೂನು ಮಾಡಿದ್ದು ಯಾರು?

ನಿಟ್ಟುವಳ್ಳಿ_ಓದುಗಿ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂಎ ಇತಿಹಾಸ ಓದುತ್ತಿದ್ದೇನೆ. ಧಾರ್ಮಿಕ ಸಹಿಷ್ಣುತೆಗೆ ಕಾನೂನಿನ ರಕ್ಷಣೆ ಹೇಗೆ ಶುರುವಾಯಿತು ಅನ್ನೋ ವಿಷಯದ ಮೇಲೆ ಸೆಮಿನಾರ್ ಕೊಡಬೇಕು. ಒಂದು ನೋಟ್ಸಿನಲ್ಲಿ 1598ರ ಫ್ರಾನ್ಸಿನ ನಾಂಟ್ ಶಾಸನವೇ ಮೊದಲು ಅಂತಿದೆ. ಇನ್ನೊಂದರಲ್ಲಿ 1689ರ ಇಂಗ್ಲೆಂಡಿನ ಕಾಯಿದೆ ಅಂತಿದೆ. ಯಾವುದು ಸರಿ?

ಇನ್ನೂ ಒಂದು ವಿಷಯ ತಲೆ ತಿನ್ನುತ್ತಿದೆ. ನಮ್ಮ ಪಠ್ಯಗಳಲ್ಲಿ ಅಕ್ಬರ್ ಸಹಿಷ್ಣು, ವಿಜಯನಗರದ ಅರಸರು ಸಹಿಷ್ಣುಗಳು ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅದು ರಾಜನ ಒಳ್ಳೆ ಸ್ವಭಾವದ ಮಾತಾಯಿತು. ನನಗೆ ಬೇಕಾಗಿರೋದು ಬರಹದಲ್ಲಿ ಇರುವ ಆಜ್ಞೆ. ಯಾರಿಗೆ ಏನು ಸಿಕ್ಕಿತು, ಯಾರು ಹೊರಗೆ ಉಳಿದರು, ಮುರಿದವರಿಗೆ ಏನಾಯಿತು, ಅಷ್ಟು ಗೊತ್ತಾಗಬೇಕು. ನಮ್ಮ ಕಡೆ ಅಂಥದ್ದು ಇದೆಯಾ?

ದುರ್ಗದ_ಮೇಷ್ಟ್ರು:

ಒಳ್ಳೆ ಪ್ರಶ್ನೆ ಕೇಳಿದ್ದೀಯಮ್ಮ. ನಾನು ಚಿತ್ರದುರ್ಗದಲ್ಲಿ ಬಹಳ ವರ್ಷ ಇತಿಹಾಸ ಪಾಠ ಮಾಡಿದವನು. ನಿನ್ನ ಎರಡೂ ನೋಟ್ಸು ತಪ್ಪು.

ನಾಂಟ್‌ಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ, 1485ರಲ್ಲಿ, ಬೊಹೆಮಿಯಾದ (ಈಗಿನ ಚೆಕ್ ದೇಶ) ಕುಟ್ನಾ ಹೋರಾ ಅನ್ನೋ ಊರಿನಲ್ಲಿ ಕ್ಯಾಥೊಲಿಕರೂ ಮತಸುಧಾರಕ ಯಾನ್ ಹುಸ್‌ನ ಅನುಯಾಯಿಗಳೂ ಕೂತು ಒಪ್ಪಂದ ಮಾಡಿಕೊಂಡರು. 31 ವರ್ಷಕ್ಕೆ ಅಂತ ಮಾಡಿದ್ದು. ಆಮೇಲೆ 1512ರಲ್ಲಿ ಅದನ್ನು ಕಾಯಂ ಮಾಡಿದರು. ಅದರಲ್ಲಿ ನನಗೆ ದೊಡ್ಡದಾಗಿ ಕಾಣೋದು ಏನಂದರೆ ಜಮೀನ್ದಾರನ ಕೈಕೆಳಗಿನ ರೈತನೂ ತನ್ನ ಪಂಗಡವನ್ನು ತಾನೇ ಆರಿಸಿಕೊಳ್ಳಬಹುದಿತ್ತು. ಎರಡೇ ಪಂಗಡಕ್ಕೆ ಸೀಮಿತ, ನಿಜ. ಆದರೂ ಮುಂದೆ ಬಂದ ಎಷ್ಟೋ ಹೆಸರುವಾಸಿ ಶಾಸನಗಳು ರೈತನನ್ನು ಎಣಿಸಲೇ ಇಲ್ಲ.

1555ರ ಆಗ್ಸ್‌ಬರ್ಗ್ ಒಪ್ಪಂದವನ್ನು ತುಂಬ ಹೊಗಳುತ್ತಾರೆ. ಅದರಲ್ಲಿ ಆಯ್ಕೆ ಇದ್ದದ್ದು ಅರಸನಿಗೆ. ಅರಸನ ಮತ ಯಾವುದೋ ನಾಡಿನ ಮತವೂ ಅದೇ. ಒಪ್ಪದವನು ಆಸ್ತಿ ಮಾರಿ ಹೊರಡಬಹುದು, ಅಷ್ಟೇ. ಅದೂ ಕ್ಯಾಥೊಲಿಕ್ ಮತ್ತು ಲೂಥರನ್ ಎರಡಕ್ಕೆ ಮಾತ್ರ, ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡವಾದ ಕ್ಯಾಲ್ವಿನಿಸ್ಟರು ಲೆಕ್ಕದಲ್ಲೇ ಇಲ್ಲ. ಊರು ಬಿಟ್ಟು ಹೋಗುವ ಹಕ್ಕನ್ನು ಸಹಿಷ್ಣುತೆ ಅಂತ ಕರೆಯೋಕೆ ನನಗೆ ಮನಸ್ಸು ಬರುವುದಿಲ್ಲ.

ನಿನ್ನ ಸೆಮಿನಾರಿಗೆ ಜಾಸ್ತಿ ಸಮಯ ಕೊಡಬೇಕಾದದ್ದು 1568ರ ಟೋರ್ಡಾ ಶಾಸನಕ್ಕೆ. ಈಗಿನ ರುಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾ. ಒಂದು ಕಡೆ ತುರ್ಕರು, ಇನ್ನೊಂದು ಕಡೆ ಹ್ಯಾಬ್ಸ್‌ಬರ್ಗ್ ದೊರೆಗಳು, ನಡುವೆ ಸಿಕ್ಕಿಬಿದ್ದ ಸಣ್ಣ ರಾಜ್ಯ. ಒಳಗೆ ಜಗಳ ಆಡಿಕೊಂಡು ಕೂತರೆ ಉಳಿಗಾಲ ಇಲ್ಲ. ಜನವರಿಯಲ್ಲಿ ಸಭೆ ಸೇರಿತು, ದೊರೆ ಜಾನ್ ಸಿಗಿಸ್ಮಂಡ್. ಬೋಧಕರು ತಮಗೆ ಅರ್ಥವಾದ ಹಾಗೆ ಸುವಾರ್ತೆ ಸಾರಬಹುದು, ಊರವರಿಗೆ ಇಷ್ಟವಾದರೆ ಕೇಳಲಿ, ಇಲ್ಲದಿದ್ದರೆ ಬಲವಂತ ಬೇಡ, ಬೋಧನೆಯ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕುವಂತಿಲ್ಲ, ಏಕೆಂದರೆ ನಂಬಿಕೆ ದೇವರ ಕೊಡುಗೆ ಅಂತ ಬರೆದರು. ಕ್ಯಾಥೊಲಿಕ್, ಲೂಥರನ್, ಕ್ಯಾಲ್ವಿನಿಸ್ಟ್, ಯೂನಿಟೇರಿಯನ್ (ತ್ರಿಯೇಕ ದೇವರನ್ನು ಒಪ್ಪದವರು), ಹೀಗೆ ನಾಲ್ಕು ಪಂಗಡಕ್ಕೆ ಅಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. ಆದರೆ ಅದೇ ನಾಡಿನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದ ರುಮೇನಿಯನ್ ಆರ್ಥೊಡಾಕ್ಸ್ ಜನರಿಗೆ ಆ ಸ್ಥಾನ ಸಿಗಲಿಲ್ಲ. ಇರಲಿ ಬಿಡಿ ಅಂತ ಇಟ್ಟುಕೊಂಡರು, ಅಷ್ಟೇ.

ಮುಂದಿನದ್ದು ಓದಿದರೆ ಬೇಜಾರಾಗುತ್ತೆ. ಆ ಸಭೆಯ ಹಿಂದಿನ ದೊಡ್ಡ ಶಕ್ತಿ ಫೆರೆಂಕ್ ಡೇವಿಡ್ ಅನ್ನೋ ಬೋಧಕ. 1571ರಲ್ಲಿ ದೊರೆ ತೀರಿಕೊಂಡ. ಮರುವರ್ಷವೇ, ಇದ್ದದ್ದು ಇರಲಿ, ಹೊಸ ಮತವಿಚಾರ ತರುವಂತಿಲ್ಲ ಅಂತ ಇನ್ನೊಂದು ಕಾನೂನು ಬಂತು. ಡೇವಿಡ್ ಯೋಚಿಸುವುದನ್ನು ನಿಲ್ಲಿಸಲಿಲ್ಲ. ಆತನನ್ನು ದೇವಾ ಕೋಟೆಯ ಸೆರೆಗೆ ಹಾಕಿದರು, 1579ರಲ್ಲಿ ಅಲ್ಲೇ ಸತ್ತ. ಬೋಧನೆಗಾಗಿ ಯಾರನ್ನೂ ಸೆರೆಗೆ ಹಾಕಬಾರದು ಅಂತ ಬರೆದು ಹನ್ನೊಂದೇ ವರ್ಷ ಆಗಿತ್ತು.

ಪೋಲೆಂಡಿನ ವಾರ್ಸಾ ಒಪ್ಪಂದವನ್ನೂ (1573) ಬಿಡಬೇಡ. ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ಪ್ರಾಟೆಸ್ಟೆಂಟರ ಮೇಲೆ ಸೇಂಟ್ ಬಾರ್ಥಲೋಮ್ಯೂ ದಿನದ ಹತ್ಯಾಕಾಂಡ ನಡೆದಿತ್ತು. ಪೋಲೆಂಡಿನ ಗಾದಿ ಖಾಲಿ ಇತ್ತು, ಅದಕ್ಕೆ ಆಯ್ಕೆಯಾದವನು ಅದೇ ಫ್ರಾನ್ಸಿನ ರಾಜಕುಮಾರ ಹೆನ್ರಿ. ಮತಭೇದದ ಕಾರಣಕ್ಕೆ ರಕ್ತ ಹರಿಸುವುದಿಲ್ಲ ಅಂತ ಸರದಾರರು ತಾವೂ ಪರಸ್ಪರ ಮಾತು ಕೊಟ್ಟುಕೊಂಡರು, ಆ ಹೆನ್ರಿಯಿಂದಲೂ ಪ್ರಮಾಣ ಮಾಡಿಸಿದರು. ಅದು ನೇರವಾಗಿ ಕಾಪಾಡಿದ್ದು ಸರದಾರರನ್ನು. ಬಡವನ ಪಾಡು ಅವನ ಒಡೆಯನ ಕೈಯಲ್ಲೇ ಉಳಿಯಿತು.

ನಿಟ್ಟುವಳ್ಳಿ_ಓದುಗಿ:

ತುಂಬಾ ಥ್ಯಾಂಕ್ಸ್ ಸರ್. ಕುಟ್ನಾ ಹೋರಾ ಹೆಸರೇ ಕೇಳಿರಲಿಲ್ಲ. ಆದರೆ ನಾಂಟ್ ಶಾಸನ 87 ವರ್ಷ ನಡೆದಿದೆ ಅಲ್ವಾ? ಅಷ್ಟು ಬಲವಾಗಿ ಇದ್ದದ್ದು ಒಂದೇ ದಿನ ಹೇಗೆ ರದ್ದಾಯಿತು?

ಪಿಜೆ_ಬಡಾವಣೆ_ವಕೀಲ:

ಒಂದೇ ದಿನ ಆಗಲಿಲ್ಲ ತಂಗಿ. ಸೆಮಿನಾರಿನಲ್ಲಿ ಇದನ್ನೇ ಬಿಡಿಸಿ ಹೇಳಿ.

ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿ (ಪೋಲೆಂಡಿನ ಗಾದಿಗೆ ಹೋದ ಹೆನ್ರಿ ಬೇರೆ) 1598ರಲ್ಲಿ ಹ್ಯೂಗನಾಟರಿಗೆ, ಅಂದರೆ ಫ್ರಾನ್ಸಿನ ಪ್ರಾಟೆಸ್ಟೆಂಟರಿಗೆ ಕೊಟ್ಟದ್ದು ಬರೀ ಪ್ರಾರ್ಥನೆಯ ಅನುಮತಿ ಆಗಿರಲಿಲ್ಲ. ಸರ್ಕಾರಿ ಹುದ್ದೆಗೆ ಅರ್ಹತೆ ಇತ್ತು. ಅವರ ಕೈಯಲ್ಲಿ ಕೋಟೆ ಊರುಗಳಿದ್ದವು, ಅಲ್ಲಿನ ಕಾವಲಿಗೆ ರಾಜನ ಬೊಕ್ಕಸದಿಂದ ಹಣ ಬರುತ್ತಿತ್ತು. ವಕೀಲನಾಗಿ ನನಗೆ ಇಷ್ಟವಾಗುವುದು ಇನ್ನೊಂದು. ಎರಡೂ ಕಡೆಯ ನ್ಯಾಯಾಧೀಶರು ಕೂರುವ ವಿಶೇಷ ಪೀಠಗಳಿದ್ದವು. ಪ್ರಾಟೆಸ್ಟೆಂಟನ ಕೇಸು ಬಂದರೆ ಅವನ ಮಾತು ಕೇಳುವವರು ಪೀಠದಲ್ಲೇ ಇರಬೇಕು ಅನ್ನೋ ಲೆಕ್ಕ. ಎಲ್ಲಿ ಪೂಜೆ ಮಾಡಬಹುದು ಅನ್ನೋದಕ್ಕೂ ಗಡಿ ಹಾಕಿದ್ದರು. ಪ್ಯಾರಿಸ್ ಊರೊಳಗಂತೂ ಪೂಜೆಗೆ ಅವಕಾಶವೇ ಇರಲಿಲ್ಲ.

ಈಗ ಕೆಡವಿದ್ದು ನೋಡಿ. 1628ರಲ್ಲಿ ಲಾ ರೋಷೆಲ್ ಕೋಟೆ ಬಿತ್ತು. ಮರುವರ್ಷ ಅಲೇ ಒಪ್ಪಂದದಲ್ಲಿ ಎಲ್ಲ ಕೋಟೆ ಊರುಗಳೂ ಹೋದವು, ಪೂಜೆಯ ಹಕ್ಕು ಉಳಿಯಿತು. ಆಮೇಲೆ ಹದಿನಾಲ್ಕನೇ ಲೂಯಿ ಬಂದ. ಅವನ ಅಧಿಕಾರಿಗಳು ಶಾಸನವನ್ನು ಹರಿದು ಹಾಕಲಿಲ್ಲ, ಅಕ್ಷರಕ್ಕೆ ಅಕ್ಷರ ಹಿಡಿದು ಓದಿದರು. ಕೊಡುತ್ತೇವೆ ಅಂತ ಸ್ಪಷ್ಟವಾಗಿ ಎಲ್ಲಿ ಬರೆದಿಲ್ಲವೋ ಅದೆಲ್ಲ ನಿಷಿದ್ಧ ಅಂತ ಅರ್ಥ ಹೇಳಿದರು. ಹೆಣ ಹೂಳುವುದನ್ನು ಹಗಲಲ್ಲಿ ಮಾಡಬಹುದು ಅಂತ ಬರೆದಿದೆಯಾ? ಇಲ್ಲ. ಹಾಗಾದರೆ ಬೆಳಗಿನ ಜಾವ ಇಲ್ಲವೇ ಕತ್ತಲಾಗುವ ಹೊತ್ತಿಗೆ ಹೂಳಿ. ಇಂಥ ಚರ್ಚು ಶಾಸನದ ಪಟ್ಟಿಯಲ್ಲಿದೆ ಅಂತ ದಾಖಲೆ ತೋರಿಸಿ. ಇಲ್ಲವಾ? ಕೆಡವಿ. ಪ್ಯಾರಿಸ್ ಮತ್ತು ರೂಆನ್‌ನ ವಿಶೇಷ ಪೀಠಗಳು 1669ರಲ್ಲಿ ಹೋದವು, ಉಳಿದವು 1679ರಲ್ಲಿ. 1681ರಿಂದ ಸೈನಿಕರನ್ನು ಹ್ಯೂಗನಾಟರ ಮನೆಗಳಲ್ಲೇ ತಂಗಿಸಿ ಮತಾಂತರ ಆಗುವವರೆಗೆ ಕಾಡಿಸಿದರು. 1685ರಲ್ಲಿ ಫಾಂಟೆನ್‌ಬ್ಲೋ ಆಜ್ಞೆ ಹೊರಟಾಗ ಅದು ಹೇಳಿದ್ದು ಏನು ಗೊತ್ತಾ? ಈ ದೇಶದಲ್ಲಿ ಹೆಚ್ಚಿನ ಹ್ಯೂಗನಾಟರು ಈಗ ಕ್ಯಾಥೊಲಿಕರಾಗಿದ್ದಾರೆ, ಹಾಗಾಗಿ ಹಳೆ ಶಾಸನದ ಅಗತ್ಯವೇ ಇಲ್ಲ ಅಂತ. ಬೋಧಕರಿಗೆ ದೇಶ ಬಿಡಲು ಹದಿನೈದು ದಿನ. ಸಾಮಾನ್ಯ ಜನ ದೇಶ ಬಿಡುವಂತೆಯೂ ಇಲ್ಲ, ಸಿಕ್ಕಿಬಿದ್ದ ಗಂಡಸರಿಗೆ ಹಡಗಿನ ಹುಟ್ಟು ಹಾಕುವ ಶಿಕ್ಷೆ. ಆದರೂ ಸುಮಾರು 2 ಲಕ್ಷ ಜನ ತಪ್ಪಿಸಿಕೊಂಡು ಹೋದರು.

ಕೋರ್ಟು ಮೊದಲು ಹೋಗಿ ಪೂಜೆಯ ಹಕ್ಕು ಕೊನೆಗೆ ಹೋದದ್ದನ್ನು ಗಮನಿಸಿ. ಪೀಠದಲ್ಲಿ ತಮ್ಮವರು ಇಲ್ಲದ ಮೇಲೆ ಬೇಲಿ ಬಿದ್ದ ಹೊಲದ ಹಾಗೆ ಆಯಿತು ಅವರ ಸ್ಥಿತಿ, ಯಾರು ಬೇಕಾದರೂ ನುಗ್ಗಬಹುದಿತ್ತು.

ಅಕ್ಬರನ ಮಾತು ಕೇಳಿದಿರಿ. 1564ರಲ್ಲಿ ಮುಸ್ಲಿಮೇತರರ ಮೇಲಿದ್ದ ಜೆಜಿಯಾ ತೆರಿಗೆ ತೆಗೆದ, ಅದರ ಹಿಂದಿನ ವರ್ಷ ಯಾತ್ರಿಕರ ತೆರಿಗೆ ತೆಗೆದಿದ್ದ. ಅದು ಸುಮ್ನೆ ಸ್ವಭಾವದ ಮಾತಲ್ಲ, ಆಡಳಿತದ ಆಜ್ಞೆ. ಜೆಜಿಯಾವನ್ನು ಔರಂಗಜೇಬ್ ಮತ್ತೆ ಹಾಕಿದ್ದು 1679ರಲ್ಲಿ, ಫ್ರಾನ್ಸಿನಲ್ಲಿ ಕೊನೆಯ ಪೀಠಗಳು ಮುಚ್ಚಿದ ಅದೇ ವರ್ಷ. ಅಕ್ಬರನ ಆಜ್ಞೆಯನ್ನು ತೆಗೆದದ್ದು ಅವನ ಮರಿಮಗ, ಹೆನ್ರಿಯ ಆಜ್ಞೆಯನ್ನು ತೆಗೆದದ್ದು ಅವನ ಮೊಮ್ಮಗ. ರಾಜ ಕೊಟ್ಟದ್ದನ್ನು ರಾಜ ವಾಪಸ್ ತಗೊಂಡ. ಯಾವುದು ಮೊದಲು ಅನ್ನೋದಕ್ಕಿಂತ ವಾಪಸ್ ತಗೊಳ್ಳೋ ಅಧಿಕಾರ ಯಾರ ಕೈಯಲ್ಲಿತ್ತು ಅಂತ ಪ್ರತಿ ಶಾಸನಕ್ಕೂ ಕೇಳಿ. ನಿಮ್ಮ ಪ್ರಬಂಧ ಬೇರೆ ಮಟ್ಟಕ್ಕೆ ಹೋಗುತ್ತೆ.

ಹರಿಹರದವ:

ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ. ಎಲ್ಲರಿಗೂ ಗೌರವ ಇಟ್ಟುಕೊಂಡೇ ಹೇಳ್ತೀನಿ, ಯುರೋಪಿನವರು ಒಬ್ಬರನ್ನೊಬ್ಬರು ಕೊಂದುಕೊಂಡರು, ಹಾಗಾಗಿ ಕಾನೂನು ಬೇಕಾಯಿತು. ನಮಗೆ ಯಾಕೆ ಬೇಕಿತ್ತು? ನಮ್ಮೂರಿನ ಹರಿಹರೇಶ್ವರ ಗುಡಿ ನೋಡಿ. 1224ರ ಹೊತ್ತಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಹರಿ, ಅರ್ಧ ಹರ, ಒಂದೇ ವಿಗ್ರಹ. ಸಂತೆಬೆನ್ನೂರಿಗೆ ಹೋದರೆ ಪುಷ್ಕರಣಿ, ಅದರ ಪಕ್ಕದಲ್ಲೇ ಮುಸಾಫಿರ್‌ಖಾನೆ. ಪೋರ್ಚುಗೀಸ್ ಬಾರ್ಬೋಸಾ ವಿಜಯನಗರದ ಬಗ್ಗೆ ಬರೆಯುವಾಗ, ಇಲ್ಲಿ ಯಾರು ಬೇಕಾದರೂ ಬರಬಹುದು, ಕ್ರೈಸ್ತನಾ, ಯಹೂದಿಯಾ, ಮುಸ್ಲಿಮನಾ ಅಂತ ಕೇಳದೆ ತಮ್ಮ ತಮ್ಮ ಮತದಂತೆ ಬದುಕಲು ರಾಜ ಬಿಡುತ್ತಾನೆ ಅಂದಿದ್ದಾನೆ. ಇದೆಲ್ಲ ಕಾನೂನಿಲ್ಲದೆ ಬಂದದ್ದು.

ಶಾಸನ_ಓದುವವಳು:

ಹರಿಹರದ ಅಣ್ಣಾ, ಆ ಗುಡಿ ಕಂಡರೆ ನನಗೂ ಪ್ರೀತಿ. ಆದರೆ ಕಾನೂನು ಬೇಕಿರಲಿಲ್ಲ ಅನ್ನೋ ಮಾತು ಒಪ್ಪಲ್ಲ. ನಮ್ಮ ಶಾಸನಗಳೇ ಒಪ್ಪಲ್ಲ.

1368, ಬುಕ್ಕರಾಯನ ಕಾಲ. ಶಾಸನ ಶ್ರವಣಬೆಳಗೊಳದಲ್ಲಿದೆ, ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮುಂತಾದ ಕಡೆಯ ಜೈನರು ರಾಜನ ಹತ್ತಿರ ದೂರು ತಂದರು. ಶ್ರೀವೈಷ್ಣವ ಭಕ್ತರು ನಮಗೆ ಅನ್ಯಾಯ ಮಾಡುತ್ತಿದ್ದಾರೆ ಅಂತ. ಅಂದರೆ ಇಲ್ಲೂ ಜಗಳ ಇತ್ತು. ರಾಜ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕರೆಸಿ, ಅವರ ಕೈಯಲ್ಲಿ ಜೈನರ ಕೈಯಿಟ್ಟು, ಎರಡು ದರ್ಶನಕ್ಕೂ (ಅಂದರೆ ಮತಕ್ಕೂ) ಭೇದವಿಲ್ಲ ಅಂದ.

ಅಲ್ಲಿಗೇ ಬಿಟ್ಟಿದ್ದರೆ ಅದು ಬರೀ ಒಳ್ಳೆ ಮಾತಾಗುತ್ತಿತ್ತು. ಮುಂದೆ ಓದಿ. ಪಂಚಮಹಾವಾದ್ಯಕ್ಕೂ ಕಲಶಕ್ಕೂ ಜೈನರಿಗೆ ಮೊದಲಿನಂತೆ ಹಕ್ಕಿದೆ. ಭಕ್ತರಿಂದ ಜೈನರಿಗೆ ಹಾನಿಯಾದರೆ ವೈಷ್ಣವರು ಅದನ್ನು ತಮಗಾದ ಹಾನಿ ಅಂತಲೇ ತಿಳಿಯಬೇಕು. ನಾಡಿನ ಜೈನರು ಮನೆಗೆ ವರ್ಷಕ್ಕೊಂದು ಹಣ (ಆಗಿನ ಒಂದು ನಾಣ್ಯ) ಕೊಡಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಇದರ ಉಸ್ತುವಾರಿ ಯಾರಿಗೆ? ತಿರುಮಲೆಯ ತಾತಯ್ಯನಿಗೆ, ಒಬ್ಬ ವೈಷ್ಣವನಿಗೆ! ಯಾರ ಕಡೆಯವರ ಮೇಲೆ ದೂರು ಬಂತೋ ಅವರ ಹಿರಿಯನ ಕೈಗೇ ಕಾಪಾಡುವ ಕೆಲಸ ಕೊಟ್ಟರು. ಮುರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಕೇಳಿದ ಪ್ರಶ್ನೆಗೆಲ್ಲ ಉತ್ತರ ಇದೆ ಇದರಲ್ಲಿ: ಯಾರಿಗೆ, ಏನು, ಯಾರ ಖರ್ಚಿನಲ್ಲಿ, ಮುರಿದರೆ ಏನು. ಒಂದು ಮಾತು ನನ್ನನ್ನು ಚುಚ್ಚುತ್ತೆ. ರಕ್ಷಣೆಯ ಖರ್ಚು ಬಿದ್ದದ್ದು ಅನ್ಯಾಯಕ್ಕೆ ಒಳಗಾದವರ ಮೇಲೆಯೇ.

1368 ನಿಮ್ಮ ವಿಷಯಕ್ಕೆ ಸ್ವಲ್ಪ ಹಳೆಯದಾಯಿತು ಅಂದರೆ 1638ಕ್ಕೆ ಬನ್ನಿ. ಹಳೇಬೀಡಿನ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಅನ್ನುವವರು ಲಿಂಗಮುದ್ರೆ ಹಾಕಿದರು. ವಿಜಯಪ್ಪ ಅನ್ನೋ ಜೈನ ಅದನ್ನು ಅಳಿಸಿಬಿಟ್ಟ. ಊರು ಹೊತ್ತಿಕೊಳ್ಳೋಕೆ ಇಷ್ಟು ಸಾಕಿತ್ತು. ಆದರೆ ಎರಡೂ ಕಡೆಯ ಹಿರಿಯರು ಕೂತರು. ವೀರಶೈವರ ಮಹಾಮಹತ್ತು, ಅಂದರೆ ಹಿರಿಯರ ಸಭೆ, ತೀರ್ಮಾನ ಕೊಟ್ಟಿತು. ಮೊದಲು ವಿಭೂತಿ ವೀಳ್ಯ ಒಪ್ಪಿಸಿ, ಆಮೇಲೆ ಜೈನರು ತಮ್ಮ ಪೂಜೆ ಅಭಿಷೇಕಗಳನ್ನು ಹಿಂದಿನ ರೂಢಿಯಂತೆ ಸೂರ್ಯಚಂದ್ರರಿರುವ ತನಕ ನಡೆಸಲಿ. ಈ ಜೈನಧರ್ಮಕ್ಕೆ ಅಡ್ಡ ಬಂದವನು ಶಿವದ್ರೋಹಿ, ಜಂಗಮದ್ರೋಹಿ. ಮತ್ತೊಬ್ಬರ ಧರ್ಮ ಕಾಪಾಡಲು ತಮ್ಮ ಧರ್ಮದ ಶಾಪವನ್ನೇ ಬರೆಸಿದ್ದಾರೆ. ಸಮಾನತೆ ಇಲ್ಲ ಇದರಲ್ಲಿ, ವಿಭೂತಿ ವೀಳ್ಯ ಮೊದಲು ಅನ್ನೋದರಲ್ಲೇ ಯಾರ ಕೈ ಮೇಲಿತ್ತು ಅಂತ ತಿಳಿಯುತ್ತೆ. ಆದರೆ ಬಸದಿ ಉಳಿಯಿತು, ಇವತ್ತಿಗೂ ಹೋಗಿ ನೋಡಬಹುದು.

ಹರಿಹರದವ:

1638ರದ್ದು ನನಗೆ ಗೊತ್ತಿರಲಿಲ್ಲ ಅಕ್ಕಾ. ಆದರೆ ಅದು ಪಂಚಾಯ್ತಿ ರಾಜಿ ಆಯಿತಲ್ವಾ, ಕಾನೂನು ಹೇಗೆ? ಒಂದು ಗುಡಿಯ ಜಗಳಕ್ಕೆ ಒಂದು ತೀರ್ಪು.

ಪಿಜೆ_ಬಡಾವಣೆ_ವಕೀಲ:

ಅದು ನ್ಯಾಯವಾದ ಪ್ರಶ್ನೆ. ಆದರೆ ಯುರೋಪಿನವೂ ಹೆಚ್ಚಿನಂಶ ರಾಜಿಗಳೇ. ಮೂವತ್ತು ವರ್ಷದ ಯುದ್ಧ ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದದಲ್ಲಿ ಯಾವ ಚರ್ಚು ಯಾರಿಗೆ ಅಂತ ಹೇಗೆ ತೀರ್ಮಾನ ಮಾಡಿದರು? ಒಂದು ತಾರೀಖು ಗೊತ್ತು ಮಾಡಿದರು, 1 ಜನವರಿ 1624. ಆ ದಿನ ಯಾರ ಕೈಯಲ್ಲಿತ್ತೋ ಅವರಿಗೇ. ಯಾರ ದೇವರು ನಿಜ ಅನ್ನೋ ಚರ್ಚೆಗೇ ಹೋಗಲಿಲ್ಲ. ನಮ್ಮ 1991ರ ಪೂಜಾಸ್ಥಳಗಳ ಕಾಯಿದೆ ಅಯೋಧ್ಯೆಯ ವಿವಾದವನ್ನು ಹೊರಗಿಟ್ಟು ಉಳಿದವಕ್ಕೆ 15 ಆಗಸ್ಟ್ 1947 ಅಂತ ತಾರೀಖು ಹಿಡಿದದ್ದೂ ಅದೇ ದಾರಿಯಲ್ಲಿ.

ಇಲ್ಲಿನ ಕೋರ್ಟಿನಲ್ಲಿ ಇಂಥ ದಾವೆ ನೋಡಿದವರಿಗೆ ಗೊತ್ತು. ತತ್ವದ ಮೇಲೆ ಯಾರೂ ಕೇಸು ಹಾಕಲ್ಲ. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ವಾದ್ಯ ಎಲ್ಲಿ ನಿಲ್ಲಿಸಬೇಕು, ಮೊದಲ ವೀಳ್ಯ ಯಾರಿಗೆ, ಜಗಳ ಅಲ್ಲೇ. ಹಳೆ ಶಾಸನಗಳೂ ಅಲ್ಲೇ ಗಿರಕಿ ಹೊಡೆಯುತ್ತವೆ. 1781ರಲ್ಲಿ ಆಸ್ಟ್ರಿಯಾದ ಎರಡನೇ ಜೋಸೆಫ್ ಪ್ರಾಟೆಸ್ಟೆಂಟರಿಗೆ ಚರ್ಚು ಕಟ್ಟಲು ಬಿಟ್ಟ, ಆದರೆ ಗೋಪುರ ಬೇಡ, ಗಂಟೆ ಬೇಡ, ಬೀದಿಗೆ ಬಾಗಿಲು ಬೇಡ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕ್ಯಾಥೊಲಿಕರು 1660ರ ದಶಕದಲ್ಲಿ ಮನೆಯ ಅಟ್ಟದ ಮೇಲೆ ಚರ್ಚು ಮಾಡಿಕೊಂಡಿದ್ದರು, ಹೊರಗಿನಿಂದ ನೋಡಿದರೆ ಬರೀ ಮನೆ. ಇಂಗ್ಲೆಂಡಿನ 1689ರ ಕಾಯಿದೆಯಲ್ಲಿ ತದ್ವಿರುದ್ಧ. ಭಿನ್ನಮತದ ಪ್ರಾಟೆಸ್ಟೆಂಟರು ಪ್ರಾರ್ಥನೆ ಮಾಡುವಾಗ ಬಾಗಿಲಿಗೆ ಬೀಗ ಹಾಕುವಂತಿಲ್ಲ, ಒಳಗೆ ಏನು ನಡೆಯುತ್ತಿದೆ ಅಂತ ಸರ್ಕಾರಕ್ಕೆ ಕಾಣಬೇಕು. ಕ್ಯಾಥೊಲಿಕರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಅವರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದದ್ದು 1829ರಲ್ಲಿ.

ಅಮೆರಿಕದ ಮೇರಿಲ್ಯಾಂಡ್ ಕಾಯಿದೆ (1649) ಕೂಡ ಓದಿ ತಂಗಿ. ಪಾಷಂಡಿ, ಮೂರ್ತಿಪೂಜಕ ಅಂತೆಲ್ಲ ಹೀಯಾಳಿಸಿ ಕರೆದರೆ ಹತ್ತು ಶಿಲಿಂಗ್ ದಂಡ, ಅದರಲ್ಲಿ ಅರ್ಧ ಬೈಸಿಕೊಂಡವನಿಗೇ ಸೇರಬೇಕು. ಪರಿಹಾರ ಕೊಡುವ ಯೋಚನೆ ಅಷ್ಟು ಹಿಂದೆಯೇ ಬಂದಿತ್ತು. ಆದರೆ ಅದೇ ಕಾಯಿದೆ, ತ್ರಿಯೇಕ ದೇವರನ್ನು (ತಂದೆ, ಮಗ, ಪವಿತ್ರಾತ್ಮ) ನಿರಾಕರಿಸಿದವನಿಗೆ ಮರಣದಂಡನೆ ಅಂದಿತು. ಯಹೂದಿಗಳಿಗೆ ಅದರಲ್ಲಿ ಯಾವ ರಕ್ಷಣೆಯೂ ಇರಲಿಲ್ಲ.

ಪಟ್ಟಿ ಮಾಡಿ ಇವರಿಗೆ ಇಷ್ಟು ಅಂತ ಕೊಡುವುದನ್ನು ಬಿಟ್ಟು, ನಂಬಿಕೆಯ ಕಾರಣಕ್ಕೆ ಯಾರ ನಾಗರಿಕ ಹಕ್ಕೂ ಕಡಿಮೆಯಾಗುವುದಿಲ್ಲ ಅಂತ ನೇರವಾಗಿ ಬರೆದದ್ದಕ್ಕೆ ಉದಾಹರಣೆ ಬೇಕಾದರೆ 1786ರ ವರ್ಜೀನಿಯಾ ಕಾನೂನು ತಗೊಳ್ಳಿ, ಜೆಫರ್ಸನ್ ಕರಡು. ನಮ್ಮ ಸಂವಿಧಾನದ 25ನೇ ವಿಧಿ ಹಕ್ಕು ಕೊಡುವಾಗ ಎಲ್ಲ ವ್ಯಕ್ತಿಗಳಿಗೂ ಅನ್ನುತ್ತೆ. ಟೋರ್ಡಾದಲ್ಲಿ ಪಂಗಡಗಳಿಗೆ, ವಾರ್ಸಾದಲ್ಲಿ ಸರದಾರರಿಗೆ, ಇಲ್ಲಿ ವ್ಯಕ್ತಿಗೆ. ಆ ದಾರಿ ಎಷ್ಟು ಉದ್ದ ಅಂತ ನಿಮ್ಮ ಕ್ಲಾಸಿಗೆ ಕಾಣಿಸಿ.

ದುರ್ಗದ_ಮೇಷ್ಟ್ರು:

ವಕೀಲರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನ ಇದೆ. ಆದರೆ ಪರಮತ ಗೌರವದ ಶಾಸನ ಇಲ್ಲಿಲ್ಲ, ಅದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿತು. ತನ್ನ ಪಂಗಡ ಹೊಗಳಿ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಗಡಕ್ಕೇ ಕೆಡುಕು ಮಾಡುತ್ತಾನೆ ಅನ್ನುವ ಹನ್ನೆರಡನೇ ಶಾಸನ. ಸೆಮಿನಾರಿನಲ್ಲಿ ಎರಡನ್ನೂ ಬೆರೆಸಬೇಡ, ಹುಡುಗರು ಯಾವಾಗಲೂ ಬೆರೆಸುತ್ತಾರೆ. ಮತ್ತೆ ಅದು ಬುದ್ಧಿಮಾತು. ಬುಕ್ಕನ ಶಾಸನದಲ್ಲಿ ಇರುವ ಹಣ, ಕಾವಲು, ಶಿಕ್ಷೆ ಅದರಲ್ಲಿಲ್ಲ.

ನಿಟ್ಟುವಳ್ಳಿ_ಓದುಗಿ:

ಎಲ್ಲರಿಗೂ ಮನಸಾರೆ ಧನ್ಯವಾದ. 1638ರ ಹಳೇಬೀಡು, 1649ರ ಮೇರಿಲ್ಯಾಂಡ್, ಎರಡನ್ನೂ ಪಕ್ಕಪಕ್ಕ ಇಟ್ಟು ಶುರು ಮಾಡುತ್ತೇನೆ. ನಡುವೆ ಹನ್ನೊಂದೇ ವರ್ಷ. ಎರಡರಲ್ಲೂ ರಕ್ಷಣೆ ಇದೆ, ಎರಡರಲ್ಲೂ ಮೇಲುಗೈ ಯಾರದು ಅಂತ ಅಕ್ಷರದಲ್ಲೇ ಕಾಣುತ್ತೆ. ನಾಂಟ್ ಪೀಠಗಳ ಕಥೆಗೆ ಜಾಸ್ತಿ ಹೊತ್ತು ಇಟ್ಟುಕೊಳ್ಳುತ್ತೇನೆ. ಅಕ್ಕಾ, ಹಳೇಬೀಡು ಶಾಸನದ ಪೂರ್ತಿ ಪಾಠ ಎಲ್ಲಿ ಸಿಗುತ್ತೆ?

ಶಾಸನ_ಓದುವವಳು:

ಎಪಿಗ್ರಾಫಿಯಾ ಕರ್ನಾಟಿಕಾ ಹಳೆಯ ಆವೃತ್ತಿಯ ಐದನೇ ಸಂಪುಟ, ಹಾಸನ ಜಿಲ್ಲೆಯದು, ಬೇಲೂರು ತಾಲ್ಲೂಕಿನ ಭಾಗದಲ್ಲಿ ನೋಡಿ. ಇಂಗ್ಲಿಷ್ ಅನುವಾದದ ಜೊತೆ ಕನ್ನಡ ಪಾಠವನ್ನೂ ಇಟ್ಟುಕೊಂಡು ಓದಿ. ಶ್ರವಣಬೆಳಗೊಳದ್ದು ಎರಡನೇ ಸಂಪುಟದಲ್ಲಿದೆ.